ಅಪ್ಪನ ಫೈಲು ಬಿಚ್ಚಲಾಗದ ಮಗಳು

ಸಲಹೆ ಕೇಳಲು ಅವರು ನನ್ನ ಬಳಿ ಬಂದಾಗ ಮಡಿಲಲ್ಲಿ ಒಂದು ಹಳೇ ಫೈಲಿತ್ತು. ವಯಸ್ಸು ನಲವತ್ತರ ಆಸುಪಾಸು. ಅಪ್ಪ ತೀರಿಕೊಂಡು 5 ತಿಂಗಳಾಗಿತ್ತು, ಅಮ್ಮ ಮೊದಲೇ ಹೋಗಿದ್ದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಫೈಲಿನ ರಬ್ಬರ್ ಬ್ಯಾಂಡ್ ಒಣಗಿ ರಟ್ಟಿಗೇ ಅಂಟಿಕೊಂಡಿತ್ತು.

"ಬಿಚ್ಚಿದ್ರೆ ಅಪ್ಪನ ಅಕ್ಷರ ಕಾಣ್ಸುತ್ತೆ ಮೇಡಂ, ಆಮೇಲೆ ಇಡೀ ದಿನ ಏನೂ ಮಾಡೋಕಾಗಲ್ಲ" ಅಂದರು.

ಅತ್ತ ಅಣ್ಣನಿಗೆ ಅವಸರ. ಮನೆ ಮಾರೋಣ, ಸುಮ್ನೆ ಸಹಿ ಹಾಕು ಅನ್ನುತ್ತಿದ್ದ. ಇವರು ಅಪ್ಪನ ಎಟಿಎಂ ಕಾರ್ಡಿನಿಂದಲೇ ದುಡ್ಡು ತೆಗೆದು ಆಸ್ಪತ್ರೆ ಬಾಕಿ, ಕರೆಂಟ್ ಬಿಲ್ಲು ಎಲ್ಲಾ ಕಟ್ಟಿದ್ದರು. ಒಂದು ದಿನ ಅಣ್ಣ "ಲೆಕ್ಕ ಎಲ್ಲಿ?" ಅಂದ. ಸಾವಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು ಅಂತ ಅತ್ತರು.

ಕಾಗದ ಮುಟ್ಟಲಾಗದ್ದು ಸೋಮಾರಿತನ ಅಲ್ಲ ಅಂತ ಮೊದಲು ಹೇಳಿದೆ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಇದನ್ನು ವಿವರಿಸಿದ್ದಾರೆ. ಹೋದವರನ್ನು ನೆನೆದು ಅಳುವುದು ಒಂದು ಕಡೆ, ನಿಂತ ಕೆಲಸಗಳನ್ನು ನಡೆಸುವುದು ಇನ್ನೊಂದು ಕಡೆ. ಮನಸ್ಸು ಎರಡರ ನಡುವೆ ಓಡಾಡುತ್ತಲೇ ದುಃಖವನ್ನು ದಾಟುತ್ತದೆ. ಹಾಗಾಗಿ ದಿನಕ್ಕೆ ಅರ್ಧ ಗಂಟೆ ಮಾತ್ರ ಫೈಲು ಹಿಡಿಯಿರಿ, ಪಕ್ಕದಲ್ಲಿ ಯಾರಾದರೂ ಇರಲಿ, ಸಮಯ ಮುಗಿದ ಕೂಡಲೇ ಮುಚ್ಚಿಡಿ, ಅಳು ಬಂದರೆ ಅಳಿ ಅಂದೆ.

ಕಾರ್ಡಿನ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳಿದೆ: ಇವತ್ತೇ ನಿಲ್ಲಿಸಿ. ಖಾತೆದಾರರು ಹೋದ ಮೇಲೆ ಆ ಹಣ ಎಲ್ಲಾ ವಾರಸುದಾರರಿಗೂ ಸೇರಬೇಕಾದದ್ದು, ಒಳ್ಳೇದಕ್ಕೇ ತೆಗೆದರೂ ನಾಳೆ ಜಗಳಕ್ಕೆ ದಾರಿ. ಮರಣ ಪ್ರಮಾಣಪತ್ರ ಕೊಟ್ಟು ಬ್ಯಾಂಕಿಗೆ ತಿಳಿಸಿ. ಇಲ್ಲಿವರೆಗಿನ ಖರ್ಚನ್ನು ರಸೀದಿ ಸಮೇತ ಬರೆದು, ಅಣ್ಣ ಇನ್ನೊಮ್ಮೆ ಕೇಳುವ ಮೊದಲೇ ಕೈಗಿಡಿ.

ಅಪ್ಪನ ಫೋನ್ ನಂಬರ್ ಸದ್ಯಕ್ಕೆ ಬಂದ್ ಮಾಡಿಸಬೇಡಿ. "ಪ್ರೀಮಿಯಂ ಕಟ್ಟಿ", "ಕಂತು ಬಾಕಿ" ಅಂತ ಮೆಸೇಜು ಬರುವುದು ಅದಕ್ಕೇ. ಬ್ಯಾಂಕಿನಿಂದ ಪೂರ್ತಿ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳಿ. ವರ್ಷಕ್ಕೊಮ್ಮೆ ಹೋಗುವ ವಿಮೆ ಕಂತು, ಲಾಕರ್ ಬಾಡಿಗೆ ಮೂರು ತಿಂಗಳ ಲೆಕ್ಕದಲ್ಲಿ ಕಣ್ಣಿಗೇ ಬೀಳದೆ ಹೋಗಬಹುದು, ಅಲ್ವಾ? ಸಾಲ ಇದ್ದರೆ ಅದಕ್ಕೆ ವಿಮೆ ಇದೆಯಾ ನೋಡಿ. ಯಾರೋ ಫೋನ್ ಮಾಡಿ ಹೆದರಿಸಿದರು ಅಂತ ನಿಮ್ಮ ಜೇಬಿನಿಂದ ಕಟ್ಟಬೇಡಿ, ಬರವಣಿಗೆಯಲ್ಲಿ ಕೇಳಿ. ಮನೆಯ ಮೂಲಪತ್ರ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಉಯಿಲು ಇದೆಯಾ ಇಲ್ಲವಾ ಅಂತ ಗೊತ್ತಾಗಿ, ನಿಮ್ಮದೇ ವಕೀಲರು ಓದುವ ತನಕ ಸಹಿ ಬೇಡ.

ಅಣ್ಣನಿಗೆ ಏನು ಹೇಳಲಿ ಅಂದರು. "ಮಾರೋದು ಬೇಡ ಅಂತಿಲ್ಲ ಅಣ್ಣ, ನಂಗೆ ಇನ್ನೂ ಸ್ವಲ್ಪ ಟೈಮ್ ಬೇಕು, ಅಷ್ಟೇ." ಇದನ್ನು ನನ್ನೆದುರೇ ಎರಡು ಸಲ ಹೇಳಿಸಿದೆ. ಎರಡನೇ ಸಲ ಗಂಟಲು ನಡುಗಲಿಲ್ಲ.

ಮೂರು ವಾರ ಬಿಟ್ಟು ಬಂದರು. ರಬ್ಬರ್ ಬ್ಯಾಂಡ್ ಇರಲಿಲ್ಲ, ಗುರುತು ಮಾತ್ರ ರಟ್ಟಿನ ಮೇಲೆ ಉಳಿದಿತ್ತು. ಒಳಗೆ ಅಪ್ಪ ಲಕೋಟೆಯ ಹಿಂದೆ ಬರೆದಿಟ್ಟಿದ್ದ ಪಾಲಿಸಿ ನಂಬರ್ ಸಿಕ್ಕಿತ್ತು. ನಂಬರನ್ನು ಪುಸ್ತಕಕ್ಕೆ ಇಳಿಸಿಕೊಂಡು, ಲಕೋಟೆಯನ್ನು ತಮ್ಮ ಪರ್ಸಿನಲ್ಲಿ ಇಟ್ಟುಕೊಂಡಿದ್ದರು.