ಮೂವತ್ತು ವ್ಯಾಟ್‌ನ ನಿಲಯ: ಓದುಗರೊಬ್ಬರ ಆಕ್ಷೇಪಕ್ಕೆ ಸಂಪಾದಕರ ಉತ್ತರ

ಮೈಸೂರು ಆಕಾಶವಾಣಿಯ ಮೊದಲ ದಿನಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಟಿಪ್ಪಣಿಗೆ ಹಾಸನದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಆಕ್ಷೇಪ ಬರೆದಿದ್ದಾರೆ. ಅವರ ಮಾತಿನ ಸಾರ ಇದು: ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಮೂವತ್ತು ವ್ಯಾಟ್‌ನ ಪ್ರಸಾರ ಯಂತ್ರ ಇಟ್ಟುಕೊಂಡು ನಡೆಸಿದ್ದು ಹವ್ಯಾಸವೇ ಹೊರತು ನಿಲಯವಲ್ಲ, ಅದರ ಸದ್ದು ಎರಡು ಬೀದಿ ದಾಟಿರಲಾರದು. ಹಳೆಯ ಮೈಸೂರು ಸೀಮೆಗೆ ರೇಡಿಯೊ ಬಂದದ್ದು 1955ರಲ್ಲಿ, ಬೆಂಗಳೂರಿನಿಂದ. ‘ಆಕಾಶವಾಣಿ’ ಎಂಬ ಹೆಸರು ರವೀಂದ್ರನಾಥ ಠಾಕೂರರದು. ಮೀಡಿಯಂ ವೇವ್ (ಎಫ್‌ಎಂಗೆ ಹಿಂದಿನ ಎಎಂ ರೇಡಿಯೊ) ಪ್ರಸಾರಕ್ಕೇ ತೆರೆ ಬೀಳುತ್ತಿರುವಾಗ ಇದನ್ನೆಲ್ಲ ಕೆದಕುವುದು ಬರಿಯ ಊರಾಭಿಮಾನ.

ಮಾನ್ಯರೇ,

ಸಿಟ್ಟಿನಲ್ಲಿ ಬರೆದರೂ ನೀವು ವಿಷಯ ಬಿಟ್ಟು ಕದಲಿಲ್ಲ. ಅದಕ್ಕಾಗಿ ಮೊದಲು ವಂದನೆಗಳು. ‘ಎರಡು ಬೀದಿ’ ಎಂಬ ಮಾತಿನಿಂದಲೇ ತೊಡಗುತ್ತೇನೆ.

ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಒಂದೂವರೆ ಕಿಲೊವ್ಯಾಟ್‌ನ ನಿಲಯಗಳನ್ನು ತೆರೆಯಿತು. ಅವು ಚೆನ್ನಾಗಿ ಕೇಳಿಸುತ್ತಿದ್ದುದು ಸುಮಾರು 48 ಕಿಲೋಮೀಟರ್ ದೂರದವರೆಗೆ. ಮೈಸೂರಿನ 30 ವ್ಯಾಟ್ ಅದರ ಐವತ್ತನೆಯ ಒಂದು ಪಾಲು. ಆದರೆ ಅಲೆಯ ಕ್ಷೇತ್ರಬಲ (ಒಂದು ಜಾಗದಲ್ಲಿ ಅಲೆ ಎಷ್ಟು ಬಲವಾಗಿದೆ ಎಂಬ ಅಳತೆ) ಕುಗ್ಗುವುದು ಶಕ್ತಿಯ ವರ್ಗಮೂಲದ ಲೆಕ್ಕದಲ್ಲಿ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಶಕ್ತಿ ಐವತ್ತು ಪಟ್ಟು ಕಡಿಮೆಯಾದರೆ ಕ್ಷೇತ್ರಬಲ ಏಳು ಪಟ್ಟಷ್ಟೇ ಕಡಿಮೆಯಾಗುತ್ತದೆ. ಆಂಟೆನಾ, ನೆಲದ ಗುಣ ಎಲ್ಲವೂ ಒಂದೇ ಎಂದಿಟ್ಟುಕೊಂಡು 48ನ್ನು ಒರಟಾಗಿ ಏಳರಿಂದ ಭಾಗಿಸಿ ನೋಡಿ, ಆರೇಳು ಕಿಲೋಮೀಟರ್ ಬರುತ್ತದೆ. 1935ರ ಮೈಸೂರು ಸುಮಾರು ಒಂದು ಲಕ್ಷ ಜನರ ಊರು. ಆರೇಳು ಕಿಲೋಮೀಟರ್ ಎಂದರೆ ಅಗ್ರಹಾರದಿಂದ ಒಂಟಿಕೊಪ್ಪಲಿನವರೆಗೆ ಇಡೀ ಊರು. ಮುಂದೆ ಅಲ್ಲಿ 250 ವ್ಯಾಟ್‌ನ ಯಂತ್ರ ಬಂತು. ಅದೇ ಲೆಕ್ಕ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿಗೆ ಹೋಗುತ್ತದೆ, ಶ್ರೀರಂಗಪಟ್ಟಣ ಆರಾಮವಾಗಿ ಒಳಗೆ ಬರುತ್ತದೆ.

ಇನ್ನೊಂದು ಸಂಗತಿಯಿದೆ, ಅದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಟ್ರಾನ್ಸಿಸ್ಟರ್ ಒಂದನ್ನು ಅಡುಗೆಮನೆಯಲ್ಲಿಟ್ಟು ದೂರದ ಮೀಡಿಯಂ ವೇವ್ ನಿಲಯವೊಂದಕ್ಕೆ ಮುಳ್ಳು ಹೊಂದಿಸಿ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಸೇರಿ ಕರಕರ ಎನ್ನುತ್ತಿರುತ್ತವೆ, ಮಾತು ಕೇಳಿಸುವುದಿಲ್ಲ. ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಗದ್ದಲ ತಗ್ಗಿ ಮಾತು ಮೇಲೇಳುತ್ತದೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಗದ್ದಲದ ಮೂಲಕ್ಕೆ ನೇರವಾದಾಗ ಅದನ್ನು ಹಿಡಿಯುವುದಿಲ್ಲ, ಗುಟ್ಟು ಅಷ್ಟೇ. ಇನ್ನು ಬೀದಿಗೆ ಬೀದಿಯೇ ಕರೆಂಟು ಹೋದ ರಾತ್ರಿ ಕೇಳಿ ನೋಡಿ: ಅಷ್ಟೇ ದುರ್ಬಲವಾದ ಅಲೆ, ಆದರೆ ಉದ್ಘೋಷಕರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. 1935ರ ಮೈಸೂರಿನ ಮನೆಗಳಲ್ಲಿ ಈ ಗದ್ದಲದ ಯಂತ್ರಗಳು ಯಾವುವೂ ಇರಲಿಲ್ಲ. ಮೂವತ್ತು ವ್ಯಾಟ್‌ನ ಬೆಲೆಯನ್ನು ಇಂದಿನ ಕಿವಿಯಿಂದ ಅಳೆಯಬಾರದು.

ಇನ್ನು ‘ಹವ್ಯಾಸ’ದ ಮಾತು. ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ದೇಶದಲ್ಲಿ ಅದಕ್ಕೂ ಮೊದಲು ಅಂಥ ವಿಭಾಗವಿದ್ದುದು ಕಲ್ಕತ್ತೆಯಲ್ಲಿ ಮಾತ್ರ. ಪ್ರಯೋಗಾಲಯದ ಉಪಕರಣಗಳೊಡನೆ ಬದುಕಿದ ಇಂಥವರಿಗೆ ಪ್ರಸಾರ ಯಂತ್ರ ಹೆದರಿಕೆ ಹುಟ್ಟಿಸಿರಲಾರದು ಎಂಬುದು ನನ್ನ ಊಹೆ. ಇಂದಿನ ಯಾದವಗಿರಿಯ ಆಕಾಶವಾಣಿ ಕಟ್ಟಡಕ್ಕೆ ಕೂಗಳತೆಯಲ್ಲಿದ್ದ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಅವರು 1935ರ ಸೆಪ್ಟೆಂಬರ್ 10ರಂದು ಪ್ರಸಾರ ಆರಂಭಿಸಿದರು. ಮೊದಲ ಪ್ರಸಾರದಲ್ಲಿ ಕುವೆಂಪು ಕವಿತೆ ಓದಿದರು ಎಂಬ ಮಾತನ್ನು ಮೈಸೂರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಸ್ವಂತ ಹಣ, ಊರವರ ನೆರವು, ನಗರಸಭೆಯ ಸಹಾಯ ಇವುಗಳಿಂದ ಕೆಲವು ವರ್ಷ ನಿಲಯ ನಡೆಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. ವರ್ಷಗಟ್ಟಲೆ ಪ್ರಸಾರ ನಡೆಸಿ, ಊರಿನ ಹಣ ಪಡೆದು, ಕೊನೆಗೆ ಸರಕಾರವೇ ಕೈಚಾಚಿ ತೆಗೆದುಕೊಂಡದ್ದನ್ನು ಹವ್ಯಾಸ ಎನ್ನಲು ನನಗೆ ಮನಸ್ಸು ಬಾರದು.

ಆ ಕಾಲದಲ್ಲಿ ಹಣವಂತರ ಪ್ರಯತ್ನಗಳೇ ನೆಲ ಕಚ್ಚಿದ್ದವು ಎಂಬುದನ್ನೂ ಗಮನಿಸಬೇಕು. ಮೇಲೆ ಹೇಳಿದ ಮುಂಬಯಿ–ಕಲ್ಕತ್ತೆಯ ಕಂಪನಿ ಮೂರೇ ವರ್ಷದಲ್ಲಿ, 1930ರಲ್ಲಿ ಬಾಗಿಲು ಹಾಕಿತು. ರೇಡಿಯೊ ಇಟ್ಟುಕೊಳ್ಳಲು ವರ್ಷಕ್ಕೆ ಹತ್ತು ರೂಪಾಯಿ ಕೊಟ್ಟು ಲೈಸೆನ್ಸ್ ಪಡೆಯಬೇಕಿತ್ತು. ಆ ಹಣದ ಮೇಲೆ ನೆಚ್ಚಿಕೊಂಡ ಕಂಪನಿಗೆ ಸಾಕಷ್ಟು ಲೈಸೆನ್ಸ್‌ದಾರರೇ ಸಿಗಲಿಲ್ಲ. ಅದಕ್ಕೂ ಮೊದಲು, 1924ರಲ್ಲಿ, ಮದರಾಸಿನ ರೇಡಿಯೊ ಕ್ಲಬ್ 40 ವ್ಯಾಟ್‌ನ ಯಂತ್ರದಿಂದ ಪ್ರಸಾರ ತೊಡಗಿತ್ತು. 1927ರಲ್ಲಿ ಹಣವಿಲ್ಲದೆ ನಿಂತು, ಅದರ ಯಂತ್ರ ಮದರಾಸು ಕಾರ್ಪೊರೇಷನ್ನಿನ ಕೈಗೆ ಹೋಯಿತು. 1930ರಿಂದ ಕಾರ್ಪೊರೇಷನ್ ಪ್ರಸಾರ ನಡೆಸಿತು. ನಮ್ಮ ದೇಶದಲ್ಲಿ ರೇಡಿಯೊ ಬೇರುಬಿಟ್ಟದ್ದರಲ್ಲಿ ಊರುಗಳ ಪಾಲು, ನಗರಸಭೆಗಳ ಪಾಲು ಎಷ್ಟಿದೆ ಎಂಬುದನ್ನು ದೆಹಲಿಯಿಂದ ಶುರುವಾಗುವ ಇತಿಹಾಸಗಳು ಹೇಳುವುದೇ ಇಲ್ಲ. ದೆಹಲಿ ನಿಲಯ 20 ಕಿಲೊವ್ಯಾಟ್ ಶಕ್ತಿಯೊಡನೆ ತೆರೆದದ್ದು 1936ರ ಜನವರಿ 1ರಂದು. ಮೈಸೂರು ಅದಕ್ಕಿಂತ ಮೂರೂವರೆ ತಿಂಗಳಿಗೂ ಹೆಚ್ಚು ಹಿರಿಯದು. ದೆಹಲಿ ನಿಲಯ ನಡೆಸುತ್ತಿದ್ದ ಸರಕಾರಿ ಪ್ರಸಾರ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಬಂದದ್ದು ಇನ್ನೂ ತಡವಾಗಿ, ಅದೇ ವರ್ಷದ ಜೂನ್‌ನಲ್ಲಿ.

ಹೆಸರಿನ ಪ್ರಶ್ನೆಯನ್ನು ದಿನಾಂಕಗಳೇ ಬಗೆಹರಿಸುತ್ತವೆ. ಕಲ್ಕತ್ತೆಯ ಶಾರ್ಟ್‌ವೇವ್ ನಿಲಯಕ್ಕಾಗಿ ಠಾಕೂರರು ‘ಆಕಾಶವಾಣಿ’ ಎಂಬ ಪದ ಬಳಸಿದ ಕವಿತೆ ಬರೆದದ್ದು 1930ರ ದಶಕದ ಕೊನೆಯಲ್ಲಿ. ಅಷ್ಟರೊಳಗೆ ಮೈಸೂರಿನವರು ಆ ಹೆಸರನ್ನು ದಿನಬಳಕೆಗೆ ತಂದಿದ್ದರು. ಅದನ್ನು ಸೂಚಿಸಿದವರು ಲೇಖಕ ನಾ. ಕಸ್ತೂರಿಯವರು ಎಂಬ ಮಾತು ಪ್ರಚಾರದಲ್ಲಿದೆ, ಗೋಪಾಲಸ್ವಾಮಿಯವರೇ ಎನ್ನುವವರೂ ಇದ್ದಾರೆ. ದೇಶದ ಎಲ್ಲ ನಿಲಯಗಳಿಗೆ ಅದು ಅಧಿಕೃತವಾಗಿ ಬಂದದ್ದು 1950ರ ದಶಕದ ಉತ್ತರಾರ್ಧದಲ್ಲಿ. ಇದಕ್ಕಿಂತ ಹೆಚ್ಚು ಜಗಳ ಈ ವಿಷಯಕ್ಕೆ ಬೇಡ.

ನಿಮ್ಮ ಪತ್ರದ ನಿಜವಾದ ತಿರುಳು 1955ರದು. ಆ ವರ್ಷದ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು, ಅದರಿಂದ ನಾಡಿನ ದೊಡ್ಡ ಭಾಗಕ್ಕೆ ಕನ್ನಡದ ದನಿ ತಲಪಿತು. ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಗಳಿಗೆ ಕೃಷಿರಂಗ, ಪ್ರದೇಶ ಸಮಾಚಾರ, ನಾಟಕ ಇವನ್ನೆಲ್ಲ ಒಯ್ಯುವುದು 250 ವ್ಯಾಟ್‌ನ ನಿಲಯದಿಂದ ಆಗದ ಕೆಲಸ. ಆದರೆ ಬೆಂಗಳೂರು ತೆರೆದಾಗ ಮೈಸೂರು ಮುಚ್ಚಿತು. ಇದನ್ನು ನೀವು ಬರೆಯಲಿಲ್ಲ, ಹೆಚ್ಚಿನವರು ಬರೆಯುವುದಿಲ್ಲ. ಸ್ವಾತಂತ್ರ್ಯ ಬಂದಾಗ ಸಂಸ್ಥಾನಗಳಲ್ಲಿ ಐದು ನಿಲಯಗಳಿದ್ದವು: ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್, ಬರೋಡ. 1950ರ ಏಪ್ರಿಲ್ 1ರಂದು ಮೈಸೂರು ನಿಲಯ ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿಹೋಯಿತು. ಸೇರಿ ಐದೇ ವರ್ಷದಲ್ಲಿ ಅದು ಬೆಂಗಳೂರಿಗೆ ಸಾಗಿತು. ಮತ್ತೆ ಮೈಸೂರಿನಲ್ಲಿ ನಿಲಯ ತೆರೆದದ್ದು 1974ರಲ್ಲಿ. ಈ ದೇಶಕ್ಕೆ ಆಕಾಶವಾಣಿಯ ಹೆಸರು ಕೊಟ್ಟ ಊರಿಗೆ ಹತ್ತೊಂಬತ್ತು ವರ್ಷ ಆಕಾಶವಾಣಿ ಇರಲಿಲ್ಲ.

ಹಾಗಾದರೆ ಕಳೆದುಹೋದದ್ದು ಏನು? ಕೇಳುಗರಿಗೆ ಹೆಚ್ಚೇನೂ ನಷ್ಟವಾಗಲಿಲ್ಲ, ಬೆಂಗಳೂರು ಮೈಸೂರಿನಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು. ನಷ್ಟವಾದದ್ದು ಮೈಕಿನ ಮುಂದೆ ಕೂರುವವರಿಗೆ. 1935ರ ಮೈಸೂರಿನಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಗ್ರಾಮಫೋನ್ ತಟ್ಟೆ ಹಾಕದಿದ್ದರೆ ಎಲ್ಲವೂ ನೇರಪ್ರಸಾರ: ವೀಣೆಯ ವಿದ್ವಾಂಸರು ವೀಣೆಯೊಡನೆ, ಕವಿಗಳು ಕಾಗದದೊಡನೆ, ಹೇಳಿದ ಗಳಿಗೆಗೆ ಆ ಮನೆಗೆ ಬಂದು ಕೂರಬೇಕು. ತಂತಿ ಕಿತ್ತರೆ, ಕೆಮ್ಮು ಬಂದರೆ ಅದೂ ಪ್ರಸಾರವಾಗುತ್ತದೆ. ಇಂಥ ನಿಲಯ ದಿನವೂ ನಡೆಯಬೇಕಾದರೆ ಅದರ ಸುತ್ತ, ಜಟಕಾದಲ್ಲಿಯೋ ನಡೆದೋ ಬರುವಷ್ಟು ಹತ್ತಿರದಲ್ಲಿ, ಹಾಡುವವರೂ ಮಾತಾಡಬಲ್ಲವರೂ ಸಾಕಷ್ಟು ಜನ ಇರಬೇಕು. ಅರಮನೆಯ ಆಶ್ರಯದಲ್ಲಿದ್ದ ವಿದ್ವಾಂಸರು ಮತ್ತು ವಿಶ್ವವಿದ್ಯಾನಿಲಯದ ಅಧ್ಯಾಪಕರು ಒಂದೇ ಊರಿನಲ್ಲಿದ್ದ ಮೈಸೂರಿಗೆ ಆ ಭಾಗ್ಯವಿತ್ತು. ಗೋಪಾಲಸ್ವಾಮಿಯವರ ಜಾಣತನ ನನಗೆ ಕಾಣುವುದು ಇಲ್ಲಿ. ಯಂತ್ರ ಚಿಕ್ಕದು, ಆದರೆ ಅದನ್ನು ತುಂಬುವ ಜನ ಮನೆಯ ಸುತ್ತಲೇ ಇದ್ದರು.

1955ರ ನಂತರ ಅದೇ ಜನ ರೇಡಿಯೊದಲ್ಲಿ ಹಾಡಬೇಕಾದರೆ ನೂರನಲವತ್ತು ಕಿಲೋಮೀಟರ್ ಹೋಗಬೇಕಾಯಿತು. ದೊಡ್ಡ ವಿದ್ವಾಂಸರಿಗೆ ಅದು ಕಷ್ಟವಲ್ಲ, ಅವರನ್ನು ಬೆಂಗಳೂರು ಕರೆಸಿಕೊಳ್ಳುತ್ತದೆ. ಎರಡನೆಯ ಸಾಲಿನವರನ್ನು ನೆನೆಯಿರಿ. ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ಹದಿನೈದು ನಿಮಿಷ ಗಮಕ ವಾಚನ ಮಾಡಬಲ್ಲ ಮೇಷ್ಟ್ರು, ಮನೆಯಲ್ಲಿ ಸಂಪ್ರದಾಯದ ಹಾಡುಗಳನ್ನು ತಾಯಿಯಿಂದ ಕಲಿತ ಗೃಹಿಣಿ ಇಂಥವರಿಗೆ ರೈಲು ಹತ್ತುವುದೆಂದರೆ ರಜೆ, ಖರ್ಚು, ಮನೆಯವರ ಒಪ್ಪಿಗೆ ಎಲ್ಲವೂ ಬೇಕು. ಅಂಥವರು ಎಷ್ಟು ಮಂದಿ ಹೋದರು, ಎಷ್ಟು ಮಂದಿ ಸುಮ್ಮನಾದರು ಎಂಬುದಕ್ಕೆ ಲೆಕ್ಕವಿಲ್ಲ. ಪ್ರಸಾರದ ವ್ಯಾಪ್ತಿಯನ್ನು ನಕ್ಷೆಯ ಮೇಲೆ ವೃತ್ತ ಎಳೆದು ತೋರಿಸುತ್ತಾರೆ. ಮೈಕಿನ ತನಕ ಎಷ್ಟು ದೂರದವರು ಬರಬಲ್ಲರು ಎಂಬುದಕ್ಕೂ ಒಂದು ವೃತ್ತವಿದೆ, ಅದನ್ನು ಯಾರೂ ಎಳೆಯುವುದಿಲ್ಲ. 1955ರಲ್ಲಿ ಮೊದಲನೆಯ ವೃತ್ತ ಹಿಗ್ಗಿತು, ಎರಡನೆಯದು ಮೈಸೂರಿನಿಂದ ಎದ್ದುಹೋಯಿತು. ನಮ್ಮ ಟಿಪ್ಪಣಿ ಬರೆದದ್ದು ಇದಕ್ಕಾಗಿ.

ಊರಾಭಿಮಾನ ಎಂದಿರಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ಮಾತು ಹೇಳುತ್ತೇನೆ, ಅದು ಮೈಸೂರಿನಿಂದ ಬಹುದೂರ. 2000ದ ದಶಕದ ಆರಂಭದಲ್ಲಿ ಅಲ್ಲಿನ ಜನ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕಟ್ಟಿದರು, ಯುನೆಸ್ಕೊ ನೆರವೂ ಅದಕ್ಕಿತ್ತು. ಆದರೆ ಗಾಳಿಯಲ್ಲಿ ಪ್ರಸಾರ ಮಾಡಲು ಹಳ್ಳಿಯವರಿಗೆ ಆಗ ಅನುಮತಿ ಇರಲಿಲ್ಲ. ಅವರು ಮನೆಮನೆಗೆ ಕೇಬಲ್ ಎಳೆದು ಅದರಲ್ಲಿ ತಮ್ಮ ಕಾರ್ಯಕ್ರಮ ಕಳುಹಿಸಿದರು. ಬಾನುಲಿಯನ್ನು ತಂತಿಯಲ್ಲಿ! ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. 1935ರಲ್ಲಿ, ರಾಜರ ಕಾಲದಲ್ಲಿ, ಒಬ್ಬ ಮೇಷ್ಟ್ರು ಮನೆಯಿಂದ ಮಾಡಿದ ಕೆಲಸವನ್ನು ಪ್ರಜಾಪ್ರಭುತ್ವದಲ್ಲಿ ಒಂದು ಇಡೀ ಹಳ್ಳಿ ಮಾಡಲಾಗದೆ ಕೇಬಲ್ ಎಳೆಯಬೇಕಾಯಿತು. ಹಳೆಯದನ್ನು ಕೆದಕಿದರೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ನನಗೆ ಇದು ಸಿಕ್ಕಿತು.

ಮೀಡಿಯಂ ವೇವ್ ಮುಗಿಯುತ್ತಿದೆ ಎಂಬ ಮಾತನ್ನು ಒಪ್ಪುತ್ತೇನೆ. ಆ ಅಲೆಗಳಿಗೆ ಹತ್ತಾರು ಮೀಟರ್ ಎತ್ತರದ ಕಂಬ ಬೇಕು, ಕಂಬದ ಸುತ್ತ ನೆಲದೊಳಗೆ ಹೂತ ತಾಮ್ರದ ತಂತಿಗಳು ಬೇಕು, ಅದಕ್ಕೆ ಎಕರೆಗಟ್ಟಲೆ ಬಯಲು ಬೇಕು, ವಿದ್ಯುತ್ ಬಿಲ್ಲು ಬೇರೆ. ಹಳೆಯ ಯಂತ್ರಗಳಿಗೆ ಬಿಡಿಭಾಗ ಸಿಗುವುದೂ ಕಷ್ಟ. ಒಂದೊಂದಾಗಿ ನಿಂತರೆ ಅಳುವುದಿಲ್ಲ. ಪ್ರಸಾರ ಯಾವ ಅಲೆಯಲ್ಲಿ ಎಂಬುದನ್ನು ಎಂಜಿನಿಯರುಗಳು ತೀರ್ಮಾನಿಸಲಿ. ಮೈಕು ಎಲ್ಲಿರಬೇಕು ಎಂಬುದನ್ನು ಮಾತ್ರ ಅವರಿಗೆ ಬಿಡಲಾಗದು. ನಿಮ್ಮ ಹಾಸನದಲ್ಲೇ ಆಕಾಶವಾಣಿಯ ಎಫ್‌ಎಂ ನಿಲಯವಿದೆ. ಮಡಿಕೇರಿಯ ನಿಲಯದಲ್ಲಿ ಕೊಡವ ಭಾಷೆ, ಮಂಗಳೂರಿನದರಲ್ಲಿ ತುಳು, ಕೊಂಕಣಿ ಕೇಳಿಸುತ್ತವೆ. ಇವು ಬೆಂಗಳೂರಿನಿಂದ ಆಗುವ ಕೆಲಸಗಳಲ್ಲ. ಖರ್ಚು ಉಳಿಸುವ ನೆಪದಲ್ಲಿ ಈ ನಿಲಯಗಳ ಸ್ವಂತ ಸಮಯವನ್ನು ಕತ್ತರಿಸಿ ರಾಜಧಾನಿಯ ಕಾರ್ಯಕ್ರಮವನ್ನೇ ಮರುಪ್ರಸಾರ ಮಾಡುತ್ತ ಹೋದರೆ, ಬೋರ್ಡು ಇಳಿಸದೆಯೇ 1955 ಮತ್ತೊಮ್ಮೆ ನಡೆದಂತೆ. ಹಾಗಾದ ದಿನ ನೀವು ಇಷ್ಟೇ ಖಾರವಾಗಿ ಒಂದು ಪತ್ರ ಬರೆಯಬೇಕು, ನಮಗಲ್ಲ, ದೆಹಲಿಗೆ.

ಕೊನೆಗೆ, ನಿಮಗೂ ಎಲ್ಲ ಓದುಗರಿಗೂ ಒಂದು ಕೋರಿಕೆ. 1955ಕ್ಕೆ ಮೊದಲಿನ ಮೈಸೂರು ನಿಲಯದ ಕಾರ್ಯಕ್ರಮ ಪಟ್ಟಿ, ಕಲಾವಿದರಿಗೆ ಬಂದ ಆಹ್ವಾನ ಪತ್ರ, ಸಂಭಾವನೆಯ ರಸೀದಿ, ಅಂಚೆ ಕಚೇರಿಯ ಮುದ್ರೆಯಿರುವ ರೇಡಿಯೊ ಲೈಸೆನ್ಸ್ ಪುಸ್ತಕ ಯಾವುದಾದರೂ ಮನೆಯ ಟ್ರಂಕಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನೇರಪ್ರಸಾರದ ಕಾಲದ ದನಿ ಗಾಳಿಗೆ ಹೋಯಿತು, ಉಳಿದಿರುವುದು ಕಾಗದ ಮಾತ್ರ. ಮೂಲ ಪ್ರತಿ ನಿಮ್ಮಲ್ಲೇ ಇರಲಿ. ಹಿಂದುಮುಂದು ಎರಡೂ ಬದಿಯ ಚಿತ್ರ ತೆಗೆದು ನಮಗೆ ಕಳುಹಿಸಿ: ಹಾಡಿದವರ ಹೆಸರು, ತಾರೀಕು, ಸಮಯ ಸಾಮಾನ್ಯವಾಗಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಮೂರು ತಿಂಗಳೊಳಗೆ ಬಂದದ್ದನ್ನೆಲ್ಲ ಸೇರಿಸಿ ಈ ಪುಟಗಳಲ್ಲೇ ಪ್ರಕಟಿಸುತ್ತೇವೆ.

ಸಂಪಾದಕ