ಒತ್ತಕ್ಷರಕ್ಕೂ ಜಾಗ ಬೇಕು

ಪ್ರಶ್ನೆ: ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಡಿಜಿಟಲ್ ವಿನ್ಯಾಸ ಕಲಿಸುತ್ತಿದ್ದೇನೆ. ಇಂಗ್ಲಿಷ್ ಪೋಸ್ಟರುಗಳನ್ನು ಅಚ್ಚುಕಟ್ಟಾಗಿ ಮಾಡುವವರೇ ಕನ್ನಡಕ್ಕೆ ಬಂದಾಗ ಎಡವುತ್ತಾರೆ. ಸಾಲುಗಳು ಒಂದಕ್ಕೊಂದು ತಾಗುತ್ತವೆ. ಏನು ಮಾಡಲಿ?

ಉತ್ತರ: ಇದರಲ್ಲಿ ವಿದ್ಯಾರ್ಥಿಗಳ ತಪ್ಪಿಗಿಂತ ತಂತ್ರಾಂಶದ ಸಿದ್ಧ ಅಳತೆಯ ತಪ್ಪೇ ಹೆಚ್ಚು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ ಶೇ. 120ರಷ್ಟು, ರೋಮನ್ ಲಿಪಿಗೆ ಅದು ಸಾಕಾದರೂ, ‘ರಾಷ್ಟ್ರ’ ಎಂದು ಬರೆದಾಗ ಷಕಾರದ ಕೆಳಗೆ ಟಕಾರ, ರಕಾರಗಳೆರಡೂ ಇಳಿಯುವ ನಮ್ಮ ಲಿಪಿಯಲ್ಲಿ ಆ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಗಲುತ್ತವೆ. ಅಂತರವನ್ನು ಶೇ. 150ರವರೆಗೆ ಏರಿಸಿ ನೋಡಲಿ. ಅದಕ್ಕೂ ಮೊದಲು ಒಂದು ತರಗತಿಯ ಮಟ್ಟಿಗೆ ಕಂಪ್ಯೂಟರುಗಳನ್ನು ಬಂದ್ ಮಾಡಿಸಿ, ಚೌಕುಳಿ ಹಾಳೆಯ ಮೇಲೆ ‘ರಾಷ್ಟ್ರ’, ಅದರ ಕೆಳಗೆ ‘ಕೀರ್ತಿ’ ಎಂದು ದಪ್ಪ ಪೆನ್ನಿನಿಂದ ಬರೆಸಿ, ನಡುವೆ ಎಷ್ಟು ಚೌಕ ಬಿಡಬೇಕಾಯಿತೆಂದು ಎಣಿಸಿ ನೋಡುವಂತೆ ಹೇಳಿ. (ಗೊಣಗುತ್ತಾರೆ, ಗೊಣಗಲಿ.)

ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಲ್ಲುವ ಏಕರೂಪದ ಅಕ್ಷರಸಂಕೇತ) ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ ಬಂದರೆ, ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ, ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳ ಪಠ್ಯವನ್ನಂತೂ ಪರಿವರ್ತಿಸದೆ ಜಾಲತಾಣಕ್ಕೆ ಹಾಕಿದರೆ, ಓದುಗರ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ.