ಕೋಬಿ ಎಲೆಯ ಅಂಚು ಸುಟ್ಟರೆ ಪೊಟ್ಯಾಷ್ ಸುರಿಯಬೇಕಾ?

ಪ್ರಶ್ನೆ: ನಾವು ಇಂಡಿ ಕಡೆಯವರು. ಪುಣೆ ಹತ್ತಿರದ ಸಾಸವಡದಲ್ಲಿ ಪಾಲಿಗೆ ಹಿಡಿದ 20 ಗುಂಟೆಯಲ್ಲಿ ಕೋಬಿ (ಎಲೆಕೋಸು) ಹಚ್ಚಿದ್ದೇವೆ. ಈಗ ಗಡ್ಡೆ ಕಟ್ಟುವ ಹೊತ್ತು. ಕೆಳಗಿನ ಎಲೆಗಳ ಅಂಚು ಕಂದಾಗಿ ಸುಟ್ಟಂತೆ ಆಗಿದೆ. ಗೊಬ್ಬರದ ಅಂಗಡಿಯವರು ಒಂದು ಚೀಲ ಕೆಂಪು ಪೊಟ್ಯಾಷ್ ಹಾಕಿ ಅನ್ನುತ್ತಾರೆ. ಪಕ್ಕದ ಹೊಲದವರು ಕರಿಮಣ್ಣಿಗೆ ಅದು ಬೇಕಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಚೀಲ ತರುವ ಮೊದಲು ನಾಲ್ಕು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಅಂಚಿನಿಂದ ಒಳಕ್ಕೆ 'ವಿ' ಆಕಾರದಲ್ಲಿ ಹಳದಿ ಇಳಿದಿದೆಯಾ? ಅದರೊಳಗಿನ ನರ ಕಪ್ಪಾಗಿದೆಯಾ? ಹಾಗಿದ್ದರೆ ಅದು ಕಪ್ಪು ಕೊಳೆ ರೋಗ. ಎಲೆಯ ದಂಟನ್ನು ಅಡ್ಡ ಕೊಯ್ದರೆ ಅಲ್ಲೂ ಕಪ್ಪು ಚುಕ್ಕೆ ಸಿಗಬಹುದು. ಅದು ಬ್ಯಾಕ್ಟೀರಿಯಾದ ಕೆಲಸ, ಪೊಟ್ಯಾಷ್ ಹಾಕಿದರೆ ದುಡ್ಡು ದಂಡ ಅಷ್ಟೇ.

ನರ ಕಪ್ಪಾಗಿಲ್ಲ, ಹಳೆ ಎಲೆಗಳ ಅಂಚು ಮಾತ್ರ ಸುತ್ತಲೂ ಒಣಗಿ ಮುಟ್ಟಿದರೆ ಪುಡಿಯಾಗುತ್ತದೆ ಅಂದರೆ ಪೊಟ್ಯಾಷ್ ಕೊರತೆ ಇರಬಹುದು. ಕೊರತೆ ಬಿದ್ದಾಗ ಗಿಡ ಹಳೆ ಎಲೆಯಿಂದ ಅದನ್ನು ತೆಗೆದು ಎಳೆ ಎಲೆಗೆ ಸಾಗಿಸುತ್ತದೆ. ಅದಕ್ಕೇ ಕೆಳಗಿನವು ಮೊದಲು ಸುಡುತ್ತವೆ. ಒಂದು ಗಡ್ಡೆಯನ್ನೂ ಸೀಳಿ ನೋಡಿ. ಒಳಗಿನ ಎಳೆ ಎಲೆಯ ಅಂಚು ಕಂದಾಗಿದ್ದರೆ ಅದು ಕ್ಯಾಲ್ಸಿಯಂ ತೊಂದರೆ. ಪೊಟ್ಯಾಷ್ ಜಾಸ್ತಿಯಾದರೆ ಅದು ಇನ್ನೂ ಹೆಚ್ಚುತ್ತದೆ.

ಪಕ್ಕದವರ ಮಾತು ಸುಳ್ಳಲ್ಲ. ಆಳದ ಕರಿಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಆದರೆ ಆ ಕಡೆ ಹೊಲಗಳೆಲ್ಲ ಒಂದೇ ಥರ ಇಲ್ಲವಲ್ಲ. ನಾನು ಹಡಪ್ಸರದಿಂದ ದಿವೆ ಘಾಟ್ ಹತ್ತಿ ಹೋದಾಗಲೆಲ್ಲ ನೋಡುತ್ತೇನೆ, ಹಳ್ಳದ ಬದಿ ಕಪ್ಪು ಮಣ್ಣು, ಗುಡ್ಡದ ಬದಿ ಒಂದು ಗೇಣು ಮಣ್ಣಿನ ಕೆಳಗೆ ಬರೀ ಮುರುಮ, ಅಂದರೆ ಪುಡಿಕಲ್ಲಿನ ಗರಸು. ನಿಮ್ಮದು ಯಾವುದು ಅಂತ ಗುದ್ದಲಿ ಹಾಕಿದರೆ ಗೊತ್ತಾಗುತ್ತದೆ.

ಇನ್ನು ಒಂದು ಚೀಲದ ಮಾತು. ಮಹಾರಾಷ್ಟ್ರದಲ್ಲಿ ಕೋಬಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೆಕ್ಟೇರಿಗೆ 80 ಕಿಲೋ ಪೊಟ್ಯಾಷ್. ನಿಮ್ಮ 20 ಗುಂಟೆಗೆ ಅದು 16 ಕಿಲೋ ಆಗುತ್ತದೆ. ಕೆಂಪು ಪೊಟ್ಯಾಷಿನಲ್ಲಿ ನೂರಕ್ಕೆ 60 ಪಾಲು ಮಾತ್ರ ಪೊಟ್ಯಾಷ್, ಅಂದರೆ ಸುಮಾರು 27 ಕಿಲೋ ಸಾಕು. ಅದೂ ಇಡೀ ಬೆಳೆಗೆ! 50 ಕಿಲೋ ಚೀಲ ಪೂರ್ತಿ ಈಗ ಯಾಕೆ ಸುರಿಯಬೇಕು? ನಾಟಿಯಲ್ಲಿ 10:26:26 (ನೂರಕ್ಕೆ 26 ಪಾಲು ಪೊಟ್ಯಾಷ್ ಇರುವ ಮಿಶ್ರ ಗೊಬ್ಬರ) ಹಾಕಿದ್ದರೆ ಅದರಲ್ಲಿ ಬಂದದ್ದನ್ನೂ ಕಳೆಯಿರಿ. ನಿಮ್ಮ ಬೋರ್ ನೀರು ಉಪ್ಪಾಗಿದ್ದರೆ ಕೆಂಪು ಪೊಟ್ಯಾಷ್ ಬೇಡವೇ ಬೇಡ, ಅದರಲ್ಲಿ ಕ್ಲೋರೈಡ್ ಇರುತ್ತದೆ.

ಕೊರತೆಯೇ ಅಂತ ಖಾತ್ರಿಯಾದರೆ ನೀರಲ್ಲಿ ಕರಗುವ 0:0:50 ಗೊಬ್ಬರವನ್ನು (ಪೊಟ್ಯಾಷಿಯಂ ಸಲ್ಫೇಟ್) ಲೀಟರಿಗೆ 5 ಗ್ರಾಂ ಕಲಸಿ ಸಂಜೆ ಸಿಂಪಡಿಸಿ. ಅದರಲ್ಲಿರುವ ಗಂಧಕ ಕೋಬಿಗೆ ಬೇಕಾದದ್ದೇ. ಸುಟ್ಟ ಅಂಚು ಮತ್ತೆ ಹಸಿರಾಗಲ್ಲ, ಹೊಸ ಎಲೆ ನೋಡುತ್ತಿರಿ. ಒಲೆ ಬೂದಿ ಹಾಕಲಾ ಅಂತ ಹಲವರು ಕೇಳುತ್ತಾರೆ. ಸುಣ್ಣ ಜಾಸ್ತಿ ಇರುವ ಮಣ್ಣಿಗೆ ಅದು ಬೇಡ.

ಈ ಬೆಳೆ ಕಿತ್ತ ಮೇಲೆ, ಹೊಸ ಗೊಬ್ಬರ ಹಾಕುವ ಮುಂಚೆ, ಮಣ್ಣು ಪರೀಕ್ಷೆ ಮಾಡಿಸಿ. ಮುರುಮದ ಹೊಲವಾದರೆ ಮುಂದಿನ ಸಲ ಪೊಟ್ಯಾಷನ್ನು ಅರ್ಧ ನಾಟಿಗೆ, ಅರ್ಧ ಒಂದು ತಿಂಗಳಿಗೆ ಕೊಡಿ.